440 ಸಿಸಿ ಇಂಜೆಕ್ಟರ್ ಹಾಕಿದ ಮೇಲೂ 5,800 ಆರ್‌ಪಿಎಂನಲ್ಲಿ ಲೀನ್ ಆಗ್ತಿದೆ (ಪೆಟ್ರೋಲ್ ಕಮ್ಮಿ ಬೀಳ್ತಿದೆ): ಪಂಪ್ ಲೆಕ್ಕ ಹಾಕೋದು ಹೇಗೆ?

ಹಾಸನದ 1.8

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೆಯ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಟರ್ಬೊ ಪೆಟ್ರೋಲ್, ಕಂಪನಿಯಿಂದ ಬಂದಾಗ 150 ಎಚ್‌ಪಿ. ಹೋದ ವರ್ಷ ಕೆ03 ಟರ್ಬೊ ತೆಗೆದು ಅದಕ್ಕಿಂತ ದೊಡ್ಡ ಕೆ04 ಹಾಕಿಸಿದೆ. ಜೊತೆಗೆ ಡೌನ್‌ಪೈಪ್, ದೊಡ್ಡ ಇಂಟರ್‌ಕೂಲರ್, ನಿಮಿಷಕ್ಕೆ 440 ಸಿಸಿ ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್, ಇಂಜಿನ್ ಕಂಪ್ಯೂಟರ್‌ಗೆ (ಇಸಿಯು) ಹೊಸ ಮ್ಯಾಪ್. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಗರಿಷ್ಠ 1.3 ಬಾರ್. ಇಂಜಿನ್ನಿನಲ್ಲಿ 220 ಎಚ್‌ಪಿ ಬಂದರೆ ಸಾಕು ಅನ್ನೋದು ನನ್ನ ಆಸೆ.

ತೊಂದರೆ ಏನಂದ್ರೆ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ 4,500ರ ತನಕ 12.0 ತೋರಿಸುತ್ತದೆ. 5,500 ದಾಟಿದ ಕೂಡಲೇ 12.6. 5,800ಕ್ಕೆ 13.4. ಪೂರ್ತಿ ಬೂಸ್ಟ್‌ನಲ್ಲಿ 13.4 ನೋಡಿದಾಗ ಎದೆ ಝಲ್ ಅಂದಿತು, ತಕ್ಷಣ ಕಾಲು ತೆಗೆದೆ.

ಟ್ಯೂನರ್ ಆ ಜಾಗದಲ್ಲಿ ಪೆಟ್ರೋಲ್ 10% ಜಾಸ್ತಿ ಮಾಡಿದರು. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) 78ರಿಂದ 86%ಕ್ಕೆ ಹೋಯಿತು. ಮೀಟರ್ ಮಾತ್ರ ಅಲ್ಲೇ ನಿಂತಿದೆ. ಇನ್ನೊಂದು ಗ್ಯಾರೇಜಿನಲ್ಲಿ ಕೇಳಿದರೆ "ಇಂಜೆಕ್ಟರ್ ಸಾಲ್ತಾ ಇಲ್ಲ, 630 ಸಿಸಿ ಹಾಕೋಣ" ಅಂದರು. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪ್ ಮಾತ್ರ ಕಾರಿನ ಜೊತೆ ಬಂದದ್ದೇ, 2004ರದ್ದು. ಅದು ಚೆನ್ನಾಗಿಯೇ ಓಡುತ್ತಿದೆ. ಏನು ಮಾಡಲಿ?

---

ಹುಬ್ಬಳ್ಳಿ ಗ್ಯಾರೇಜ್

ತಮ್ಮಾ, ಮೊದಲು ಒಂದು ಕೆಲಸ ಮಾಡು. ಬೂಸ್ಟ್ 0.7ಕ್ಕೆ ಇಳಿಸಿಕೊಂಡು ಓಡಿಸು. ಇದು ಸರಿಯಾಗುವ ತನಕ ಪೂರ್ತಿ ಎಕ್ಸಲರೇಟರ್ ಒತ್ತಲೇಬೇಡ.

ಇಂಜೆಕ್ಟರ್ ಮುಟ್ಟಬೇಡ. ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ. ಡ್ಯೂಟಿ 78ರಿಂದ 86 ಆಯಿತು, ಅಂದ್ರೆ ಇಂಜೆಕ್ಟರ್ ಮೊದಲಿಗಿಂತ ಹೆಚ್ಚು ಹೊತ್ತು ಬಾಯಿ ತೆರೆದಿದೆ. ಆದರೂ ಪೆಟ್ರೋಲ್ ಜಾಸ್ತಿ ಬೀಳಲಿಲ್ಲ. ಹಾಗಿದ್ರೆ ಹಿಂದಿನಿಂದ ಬರಬೇಕಾದ್ದು ಬರ್ತಾ ಇಲ್ಲ. ಮನೆ ಮೇಲಿನ ಟ್ಯಾಂಕಿಯಿಂದ ನೀರು ಸಣ್ಣಗೆ ಬರ್ತಿದ್ರೆ ಬಚ್ಚಲಲ್ಲಿ ದೊಡ್ಡ ನಲ್ಲಿ ಹಾಕಿ ಏನು ಪ್ರಯೋಜನ ಹೇಳು?

"ಪಂಪ್ ಚೆನ್ನಾಗಿಯೇ ಓಡುತ್ತಿದೆ" ಅನ್ನೋ ಮಾತು ನಾನು ವರ್ಷಕ್ಕೆ ಹತ್ತು ಸಲ ಕೇಳ್ತೀನಿ. ಐಡಲ್‌ನಲ್ಲಿ, ಊರೊಳಗೆ, ಹೈವೇಯಲ್ಲಿ 100ರಲ್ಲಿ ಹೋಗುವಾಗ ಯಾವ ಪಂಪೂ ಚೆನ್ನಾಗಿಯೇ ಓಡುತ್ತದೆ. ಅಲ್ಲಿ ಇಂಜಿನ್ ಕುಡಿಯೋದೇ ಅಷ್ಟು ಕಮ್ಮಿ. ಪಂಪ್‌ನ ನಿಜವಾದ ಶಕ್ತಿ ಗೊತ್ತಾಗೋದು ಪೂರ್ತಿ ಬೂಸ್ಟ್, ಮೇಲಿನ ಆರ್‌ಪಿಎಂ, ಎರಡೂ ಒಟ್ಟಿಗೆ ಬಂದಾಗ. ಅದೂ ಒಂದೆರಡು ಸೆಕೆಂಡ್ ಮಾತ್ರ. ಪಿಸ್ಟನ್ ಕರಗೋಕೆ ಅಷ್ಟು ಹೊತ್ತು ಸಾಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಹಲವು ವರ್ಷದ ಹಿಂದೆ ಒಂದು ಕಾರಿಗೆ ಟರ್ಬೊ, ಇಂಜೆಕ್ಟರ್ ಎಲ್ಲಾ ಹಾಕಿ ಪಂಪ್ ಹಳೆಯದೇ ಬಿಟ್ಟಿದ್ದೆ. ತಪ್ಪು ನನ್ನದೇ. ಮೂರನೇ ಸಿಲಿಂಡರ್‌ನಲ್ಲಿ ರಿಂಗ್‌ಗಳ ನಡುವಿನ ಭಾಗ ಒಡೆದು ಬಂತು. ಆ ಪಿಸ್ಟನ್ ಈಗಲೂ ನನ್ನ ಟೇಬಲ್ ಮೇಲಿದೆ. ಹೊಸ ಹುಡುಗರು ಕೆಲಸಕ್ಕೆ ಸೇರಿದ ದಿನ ಅದನ್ನೇ ಮೊದಲು ಕೈಗೆ ಕೊಡ್ತೀನಿ.

---

ಲೆಕ್ಕದ ಮೇಷ್ಟ್ರು

ಹುಬ್ಬಳ್ಳಿ ಅಣ್ಣ ಹೇಳಿದ್ದು ಸರಿ. ನಾನು ಅದಕ್ಕೆ ಅಂಕಿ ಸೇರಿಸುತ್ತೇನೆ. ಕಾಗದ ತಗೊಂಡು ಜೊತೆಗೇ ಬರೆಯಿರಿ. ಲೆಕ್ಕ ಯಾವಾಗಲೂ ಇಂಜಿನ್ನಿನಿಂದ ಶುರುವಾಗಬೇಕು. ಇಂಜೆಕ್ಟರ್ ಆಮೇಲೆ, ಪಂಪ್ ಕೊನೆಗೆ.

ಟರ್ಬೊ ಪೆಟ್ರೋಲ್ ಇಂಜಿನ್ ಪೂರ್ತಿ ಲೋಡ್‌ನಲ್ಲಿ ಒಂದು ಎಚ್‌ಪಿಗೆ ಒಂದು ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಟ್ಯೂನರ್‌ಗಳು ಬಿಎಸ್‌ಎಫ್‌ಸಿ 0.6 ಅನ್ನುವುದು ಇದನ್ನೇ. ಅದು ಪೌಂಡ್ ಲೆಕ್ಕ. ಇಂಜಿನ್ ನೋಡಿಕೊಂಡು 0.55ರಿಂದ 0.65 ತನಕ ಇರುತ್ತದೆ. ನಾವು ನಡುವಿನದ್ದು ತಗೊಳ್ಳೋಣ.

220 ಎಚ್‌ಪಿಗೆ ಗಂಟೆಗೆ ಸುಮಾರು 60 ಕೆಜಿ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ತೂಕ ಸುಮಾರು 0.74 ಕೆಜಿ. ಹಾಗಾಗಿ ಗಂಟೆಗೆ 81 ಲೀಟರ್. ಇದು ನಿಮ್ಮ ಇಂಜಿನ್ನಿನ ಬೇಡಿಕೆ.

ಈಗ ಇಂಜೆಕ್ಟರ್. 81 ಲೀಟರ್ ಅಂದ್ರೆ ನಿಮಿಷಕ್ಕೆ 1,350 ಸಿಸಿ. ನಾಲ್ಕರಲ್ಲಿ ಹಂಚಿದರೆ ಒಂದಕ್ಕೆ 338. ಇಂಜೆಕ್ಟರನ್ನು 80% ಡ್ಯೂಟಿಗಿಂತ ಮೇಲೆ ದುಡಿಸಬಾರದು ಅಂತ ಇಟ್ಟುಕೊಂಡರೆ 422 ಸಿಸಿ ಬೇಕು. ನಿಮ್ಮದು 440. ಸರಿಯಾಗಿಯೇ ಆರಿಸಿದ್ದೀರಿ. 630 ಹಾಕುವ ಅಗತ್ಯ ಇಲ್ಲವೇ ಇಲ್ಲ.

80% ಯಾಕೆ ಅಂತ ಕೇಳುವವರಿಗೆ: 7,000 ಆರ್‌ಪಿಎಂನಲ್ಲಿ ಇಂಜಿನ್ನಿನ ಒಂದು ಪೂರ್ತಿ ಸುತ್ತು, ಅಂದ್ರೆ ನಾಲ್ಕೂ ಸ್ಟ್ರೋಕ್, ಮುಗಿಯೋಕೆ ಇರುವುದು 17 ಮಿಲಿಸೆಕೆಂಡ್. ಅದರಲ್ಲಿ ಇಂಜೆಕ್ಟರ್ ತೆರೆದುಕೊಳ್ಳೋಕೇ ಒಂದು ಮಿಲಿಸೆಕೆಂಡ್ ಹತ್ತಿರ ಹೋಗುತ್ತದೆ. 90% ದಾಟಿದರೆ ಪೂರ್ತಿ ಮುಚ್ಚುವ ಮೊದಲೇ ಮತ್ತೆ ತೆರೆಯುವ ಸ್ಥಿತಿ ಬರುತ್ತದೆ. ಆಗ ಎಷ್ಟು ಪೆಟ್ರೋಲ್ ಬೀಳುತ್ತದೆ ಅಂತ ಯಾರಿಗೂ ಹೇಳೋಕಾಗಲ್ಲ.

ಇನ್ನು ಪಂಪ್. ನಿಮ್ಮ ನಾಲ್ಕೂ ಇಂಜೆಕ್ಟರ್ ಪೂರ್ತಿ ತೆರೆದೇ ಇದ್ದರೆ ನಿಮಿಷಕ್ಕೆ 1,760 ಸಿಸಿ, ಗಂಟೆಗೆ 106 ಲೀಟರ್. ಪಂಪ್ ಇದಕ್ಕಿಂತ ಕಮ್ಮಿ ಕೊಡಬಾರದು. ಅದರ ಮೇಲೆ 20% ಸೇರಿಸಿ. ಸುಮಾರು 127 ಲೀಟರ್ ಆಯಿತು.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಆ 127 ಲೀಟರ್ ಯಾವ ಒತ್ತಡದಲ್ಲಿ?

ನಿಮ್ಮ ಕಾರಿನಲ್ಲಿ ಪೆಟ್ರೋಲ್ ಒತ್ತಡ ಕಾಯುವ ರೆಗ್ಯುಲೇಟರ್‌ಗೆ, ಇಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಪೈಪ್ ಬಂದಿರುತ್ತದೆ. ಬೂಸ್ಟ್ ಎಷ್ಟು ಏರುತ್ತದೋ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡವೂ ಅಷ್ಟೇ ಏರಬೇಕು. ಮೂಲ ಒತ್ತಡ 3 ಬಾರ್, ಬೂಸ್ಟ್ 1.3 ಬಾರ್, ಒಟ್ಟು 4.3. ಇಂಜೆಕ್ಟರ್‌ನ ಬಾಯಿಗೆ ಎದುರಾಗಿ 1.3 ಬಾರ್ ಗಾಳಿ ತಳ್ಳುತ್ತಾ ಇರುತ್ತದಲ್ವಾ, ಅದನ್ನು ಕಳೆದರೆ ಮತ್ತೆ 3 ಬಾರ್ ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸ ಹಾಗೇ ನಿಂತರೆ ಮಾತ್ರ ನಿಮ್ಮ 440 ಸಿಸಿ ಇಂಜೆಕ್ಟರ್ 440 ಸಿಸಿ ಕೊಡುತ್ತದೆ.

ಪಂಪ್‌ಗೆ ಶಕ್ತಿ ಸಾಲದೆ ರೇಲ್ 3.3ಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಬರೀ 2 ಬಾರ್ ಆಯಿತು. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲದ ಪ್ರಕಾರ ಬದಲಾಗುತ್ತದೆ. ಮೂರರಲ್ಲಿ ಎರಡರ ವರ್ಗಮೂಲ 0.82. ಅಂದ್ರೆ ನಿಮ್ಮ 440 ಸಿಸಿ ಇಂಜೆಕ್ಟರ್ ಆ ಕ್ಷಣ 360 ಸಿಸಿ ಇಂಜೆಕ್ಟರ್. ಇಸಿಯು ಮಾತ್ರ ಅದನ್ನು ಇನ್ನೂ 440 ಅಂತಲೇ ನಂಬಿಕೊಂಡಿರುತ್ತದೆ.

ಪಂಪಿನ ಡಬ್ಬದ ಮೇಲೆ ಗಂಟೆಗೆ "255 ಲೀಟರ್" ಅಂತ ಬರೆದಿರುವುದು ಸಾಮಾನ್ಯವಾಗಿ ಸುಮಾರು 2.8 ಬಾರ್ ಒತ್ತಡ ಮತ್ತು ಒಳ್ಳೆಯ ವೋಲ್ಟೇಜ್‌ನಲ್ಲಿ ಬರುವ ಅಂಕಿ. ಒತ್ತಡ ಏರಿದಷ್ಟೂ ಹರಿವು ಇಳಿಯುತ್ತದೆ. ಪಂಪ್ ಕೊಳ್ಳುವಾಗ ಆ ಗ್ರಾಫ್ ಕೇಳಿ ನೋಡಿ. ಗ್ರಾಫ್ ಇಲ್ಲದ ಪಂಪನ್ನು ನಾನಂತೂ ತಗೊಳ್ಳಲ್ಲ.

---

ಮಿಶಿಗನ್ ಮಲ್ನಾಡು

ಮೇಷ್ಟ್ರೇ, ಒಂದು ಮಾತು ಸೇರಿಸಲಾ? ಈ ಲೆಕ್ಕಕ್ಕೆ ಬೇಕಾಗಿರುವುದು ಇಂಜಿನ್ನಿನ ಎಚ್‌ಪಿ, ಚಕ್ರದ್ದಲ್ಲ. ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಕೊಡುವ ಅಂಕಿ ಚಕ್ರದ್ದು. ನಾನು ಮೊದಲ ಸಲ ಲೆಕ್ಕ ಹಾಕಿದಾಗ ಇದನ್ನೇ ಮರೆತಿದ್ದೆ. ಮುಂದಿನ ಚಕ್ರದ ಕಾರಿಗೆ ಗೇರ್‌ಬಾಕ್ಸ್ ನಷ್ಟ ಸುಮಾರು 15% ಅಂತ ಹಿಡಿದರೆ, ಚಕ್ರದಲ್ಲಿ 187 ಬಂದರೆ ಇಂಜಿನ್ನಿನಲ್ಲಿ 220. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ನಷ್ಟ ಇನ್ನೂ ಜಾಸ್ತಿ. ಹಾಸನದವರೇ, ನಿಮ್ಮ 220 ಯಾವುದು?

---

ಹಾಸನದ 1.8

ಇಂಜಿನ್ನಿನದ್ದೇ ಸರ್. ಚಕ್ರದಲ್ಲಿ 185ರ ಆಸುಪಾಸು ಬಂದರೆ ಖುಷಿ.

ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಈಗ ನನ್ನ ಹಳೇ ಪಂಪ್ 4.3 ಬಾರ್‌ನಲ್ಲಿ ಎಷ್ಟು ಕೊಡುತ್ತಿದೆ ಅಂತ ಅಳೆಯಬೇಕು ಅನಿಸುತ್ತಿದೆ. ಮನೆಯಲ್ಲಿ ಸಾಧ್ಯವಾ?

---

ಮಂಗಳೂರು ಬೂಸ್ಟ್

ಇಷ್ಟೆಲ್ಲಾ ಯಾಕೆ ಸರ್? 450 ಲೀಟರ್ ಪಂಪ್ ಸಿಗುತ್ತದೆ. ಅದನ್ನು ಹಾಕಿಬಿಟ್ಟರೆ ಮುಂದೆ ಯಾವತ್ತೂ ಪಂಪ್ ಯೋಚನೆ ಇರಲ್ಲ. ದೊಡ್ಡದಿದ್ದರೆ ಕೆಟ್ಟದ್ದೇನು? ಜಾಸ್ತಿ ಆದದ್ದು ಹೇಗೂ ರಿಟರ್ನ್ ಲೈನ್‌ನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ.

---

ಹುಬ್ಬಳ್ಳಿ ಗ್ಯಾರೇಜ್

ವಾಪಸ್ ಹೋಗುತ್ತದೆ, ನಿಜ. ಆದರೆ ಯಾವ ದಾರಿಯಲ್ಲಿ? ಹಳೇ ಕಾರಿನ ರಿಟರ್ನ್ ಪೈಪ್ ಹಳೇ ಪಂಪಿಗೆ ತಕ್ಕ ಹಾಗೆ ಮಾಡಿದ್ದು. ಐಡಲ್‌ನಲ್ಲಿ ಇಂಜಿನ್ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಮಿಕ್ಕ ನಾನೂರಕ್ಕೂ ಹೆಚ್ಚು ಲೀಟರ್ ಆ ಸಣ್ಣ ಪೈಪಿನಲ್ಲೇ ವಾಪಸ್ ಹೋಗಬೇಕು. ಹೋಗಲ್ಲ. ರೆಗ್ಯುಲೇಟರ್ ಪೂರ್ತಿ ಬಾಯಿ ಬಿಟ್ಟರೂ ರೇಲ್ ಒತ್ತಡ 3ರಲ್ಲಿ ನಿಲ್ಲದೆ ಮೇಲೆ ಹತ್ತುತ್ತದೆ. ಆಗ ಐಡಲ್‌ನಲ್ಲಿ ರಿಚ್ (ಪೆಟ್ರೋಲ್ ಜಾಸ್ತಿ), ಪ್ಲಗ್ ಕಪ್ಪು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ವಾಸನೆ.

ಕರೆಂಟಿನ ವಿಷಯ ಇನ್ನೂ ಮುಖ್ಯ. 450ರ ಪಂಪ್ ಜಾಸ್ತಿ ಒತ್ತಡದಲ್ಲಿ 15 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಹಳೇ ಕಾರಿನ ಸಣ್ಣ ವೈರಿಗೆ, ಟ್ಯಾಂಕ್ ಮೇಲಿನ ಆ ಸಣ್ಣ ಕನೆಕ್ಟರ್‌ಗೆ ಅದು ತಡೆಯಲ್ಲ. ಕನೆಕ್ಟರ್ ಕರಗಿ ಕಪ್ಪಾದ ಕಾರುಗಳು ನನ್ನ ಹತ್ತಿರ ಬಂದಿವೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಬಿಸಿಯಾಗುವ ಕನೆಕ್ಟರ್ ಅಂದ್ರೆ ಯೋಚನೆ ಮಾಡಿ.

ಜೊತೆಗೆ ಪೆಟ್ರೋಲ್ ಸುಮ್ನೆ ಸುತ್ತುತ್ತಾ ಇದ್ದರೆ ಬಿಸಿಯಾಗುತ್ತದೆ. ಇಂಜಿನ್ ಹತ್ತಿರ ಹೋಗಿ ಶಾಖ ಹೊತ್ತು ಟ್ಯಾಂಕಿಗೆ ಬರುತ್ತದೆ. 220 ಎಚ್‌ಪಿ ಕಾರಿಗೆ 255ರ ವರ್ಗದ ಒಳ್ಳೇ ಪಂಪ್ ಧಾರಾಳ ಸಾಕು. ಅದರಲ್ಲೂ ಹೈ ಪ್ರೆಶರ್ ಮಾದರಿ ಅಂತ ಬೇರೆಯೇ ಬರುತ್ತದೆ, ಅದನ್ನೇ ಕೇಳಿ ತಗೊ. ನಕಲಿ ಮಾಲು ಬಹಳ ಇದೆ. ರೇಟ್ ಅರ್ಧಕ್ಕಿಂತ ಕಮ್ಮಿ ಇದ್ದರೆ ಬಿಟ್ಟುಬಿಡು.

---

ಶಾರ್ಜಾದಿಂದ

ಬಿಸಿಯ ಮಾತು ಬಂತು, ನಾನು ಹೇಳಲೇಬೇಕು. ನಾನು ಉಡುಪಿಯವನು, ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನನ್ನದು ಮಿತ್ಸುಬಿಷಿ ಇವೊ 9. ಕಂಪನಿ ಇಂಜೆಕ್ಟರ್ 560 ಸಿಸಿ. 280ರಿಂದ 300 ಎಚ್‌ಪಿ ತನಕ ಅದು ಸಾಕಾಗುತ್ತದೆ. ನನ್ನ ಗುರಿ 450 ಆಗಿತ್ತು. ಮೇಷ್ಟ್ರ ಲೆಕ್ಕವನ್ನೇ ಹಾಕಿದರೆ ಗಂಟೆಗೆ 165 ಲೀಟರ್. ಇಂಜೆಕ್ಟರ್ 860 ಸಿಸಿಯಾದರೂ ಬೇಕು, ನಾನು 1,000 ಹಾಕಿದೆ. ಬೂಸ್ಟ್ 1.8, ಹಾಗಾಗಿ ರೇಲ್‌ನಲ್ಲಿ 4.8 ಬಾರ್. ಆ ಒತ್ತಡದಲ್ಲಿ 255ರ ಪಂಪ್ ಅಂಚಿನಲ್ಲಿ ನಿಲ್ಲುತ್ತದೆ. ಅದಕ್ಕೆ 340ರದ್ದು ಹಾಕಿದೆ.

ಚಳಿಗಾಲದಲ್ಲಿ ಎಲ್ಲಾ ಚೆನ್ನಾಗಿತ್ತು. ಜುಲೈನಲ್ಲಿ ಹೊರಗೆ 45 ಡಿಗ್ರಿ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್. ಟ್ರ್ಯಾಕ್ ದಿನ ನಾಲ್ಕನೇ ಸುತ್ತಿಗೆ ರೇಲ್ ಒತ್ತಡ ಕುಣಿಯೋಕೆ ಶುರುವಾಯಿತು. 4.8 ಇರಬೇಕಾದ ಕಡೆ 4.1, 4.5, 3.9. ಪಂಪ್ ಹೊಸದು, ವೈರ್ ಹೊಸದು. ಕಾರಣ ಏನಂದ್ರೆ, ಬಿಸಿ ಪೆಟ್ರೋಲ್ ಪಂಪ್ ಎಳೆದುಕೊಳ್ಳುವ ಬಾಯಲ್ಲೇ ಆವಿಯಾಗುತ್ತಿತ್ತು. ಪಂಪಿಗೆ ದ್ರವ ಸಿಗದೆ ಗುಳ್ಳೆ ಸಿಗುತ್ತಿತ್ತು. ತಿರುವಿನಲ್ಲಿ ಇದ್ದಬದ್ದ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದರೆ ಕೇಳೋದೇ ಬೇಡ.

ಈಗ ಬೇಸಿಗೆಯಲ್ಲಿ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸೋದಿಲ್ಲ. ಟ್ರ್ಯಾಕ್‌ಗೆ ಅಂತ ಒಂದು ಸಣ್ಣ ಸರ್ಜ್ ಟ್ಯಾಂಕ್ (ಪಂಪ್ ಬಾಯಿಗೆ ಯಾವಾಗಲೂ ಪೆಟ್ರೋಲ್ ಸಿಗುವ ಹಾಗೆ ಇಡುವ ಚಿಕ್ಕ ತೊಟ್ಟಿ) ಕೂಡ ಹಾಕಿಸಿದೆ. ರಾಯಚೂರು, ಕಲಬುರಗಿ ಕಡೆ ಇರುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ನಿಮ್ಮ ಮೇ ತಿಂಗಳು ನಮ್ಮ ಜುಲೈಗಿಂತ ತುಂಬಾ ತಂಪೇನಲ್ಲ.

---

ಲೆಕ್ಕದ ಮೇಷ್ಟ್ರು

ಹಾಸನದವರು ಕೇಳಿದ ಅಳತೆಯ ವಿಷಯ. ಮಾಡಬಹುದು. ಆದರೆ ಇದು ಪೆಟ್ರೋಲ್ ಕೆಲಸ. ಬಯಲಲ್ಲಿ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು, ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು ಮಾತ್ರ ಮಾಡಿ. ಧೈರ್ಯ ಇಲ್ಲದಿದ್ದರೆ ಗ್ಯಾರೇಜಿಗೇ ಹೋಗಿ, ಅದರಲ್ಲಿ ತಪ್ಪೇನಿಲ್ಲ.

ರೆಗ್ಯುಲೇಟರ್‌ನಿಂದ ಟ್ಯಾಂಕಿಗೆ ಹೋಗುವ ರಿಟರ್ನ್ ಪೈಪ್ ಬಿಚ್ಚಿ. ಅಲ್ಲಿಗೆ ಉದ್ದದ ಪೆಟ್ರೋಲ್ ಪೈಪ್ ಹಾಕಿ, ಕಾರಿನಿಂದ ದೂರ ಇಟ್ಟ ಅಳತೆ ಗೆರೆಯಿರುವ ಕ್ಯಾನಿಗೆ ಬಿಡಿ. ರೆಗ್ಯುಲೇಟರ್‌ಗೆ ಬರುವ ಸಣ್ಣ ಗಾಳಿ ಪೈಪ್ ತೆಗೆದು, ಅಲ್ಲಿಗೆ ಮೀಟರ್ ಇರುವ ಸೈಕಲ್ ಪಂಪ್ ಜೋಡಿಸಿ. ಅದರಿಂದ 1.3 ಬಾರ್ ಗಾಳಿ ಕೊಟ್ಟರೆ ರೆಗ್ಯುಲೇಟರ್‌ಗೆ ಬೂಸ್ಟ್ ಬಂದ ಹಾಗೆಯೇ. ರೇಲ್ ಒತ್ತಡ 4.3ಕ್ಕೆ ಹೋಗಬೇಕು. ಬ್ಯಾಟರಿಗೆ ಮೊದಲೇ ಚಾರ್ಜರ್ ಹಾಕಿ 13.8 ವೋಲ್ಟ್ ಹತ್ತಿರ ನಿಲ್ಲಿಸಿ. ಪೈಪ್ ಬಿಚ್ಚಿದ ಮೇಲೆ ಚಾರ್ಜರ್ ಕ್ಲಿಪ್ ಮುಟ್ಟಬೇಡಿ, ಕಿಡಿ ಹಾರಬಹುದು. ಇಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮಾತ್ರ ರಿಲೇ ಮೂಲಕ 30 ಸೆಕೆಂಡ್ ಓಡಿಸಿ. ಬಂದ ಪೆಟ್ರೋಲನ್ನು 120ರಿಂದ ಗುಣಿಸಿದರೆ ಗಂಟೆಯ ಲೆಕ್ಕ.

3 ಬಾರ್‌ನಲ್ಲಿ ಒಂದು ಸಲ, 4.3ರಲ್ಲಿ ಒಂದು ಸಲ ಅಳೆಯಿರಿ. ಜೊತೆಗೆ ಪಂಪ್ ಓಡುತ್ತಿರುವಾಗ ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ನೋಡಿ. ಅದಕ್ಕೆ ಮೀಟರ್‌ನ ವೈರುಗಳನ್ನು ಮೊದಲೇ ಸಿಕ್ಕಿಸಿ ಬಿಗಿಮಾಡಿಕೊಂಡಿರಿ.

---

ಹೊಸಬ ಪೋಲೊ

ಅಣ್ಣಂದಿರೇ, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಪೋಲೊ 1.0 ಟಿಎಸ್‌ಐ, 110 ಎಚ್‌ಪಿದು. ಸಾಫ್ಟ್‌ವೇರ್ ಮ್ಯಾಪ್ ಮಾತ್ರ ಮಾಡಿಸಬೇಕು ಅಂತಿದ್ದೇನೆ. ನನಗೂ ಪಂಪ್ ಬದಲಾಯಿಸಬೇಕಾ?

---

ಮಿಶಿಗನ್ ಮಲ್ನಾಡು

ನಿಮ್ಮದು ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಬೀಳುತ್ತದೆ. ಕಥೆ ಬೇರೆ. ಅಲ್ಲಿ ಎರಡು ಪಂಪ್ ಇವೆ. ಟ್ಯಾಂಕಿನಲ್ಲಿರುವುದು ಕೆಲವೇ ಬಾರ್ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಇಂಜಿನ್ ಮೇಲಿರುವ, ಕ್ಯಾಮ್‌ನಿಂದ ಓಡುವ ಎರಡನೇ ಪಂಪ್ ಅದನ್ನು ನೂರಾರು ಬಾರ್‌ಗೆ ಏರಿಸುತ್ತದೆ. ಇಂಜೆಕ್ಟರ್‌ಗೆ ಸಿಗುವ ಸಮಯವೂ ತುಂಬಾ ಕಮ್ಮಿ. ಮೇಲಿನ 80% ಡ್ಯೂಟಿ ಲೆಕ್ಕ ಅಲ್ಲಿ ನಡೆಯಲ್ಲ. ಬರೀ ಮ್ಯಾಪ್‌ಗೆ ಸಾಮಾನ್ಯವಾಗಿ ಏನೂ ಬದಲಾಯಿಸಬೇಕಾಗಲ್ಲ. ಆದರೆ ಮ್ಯಾಪ್ ಮಾಡುವವರ ಹತ್ತಿರ ಒಂದು ಲಾಗ್ ಕೇಳಿ: ಇಸಿಯು ಕೇಳಿದ ರೇಲ್ ಒತ್ತಡ, ನಿಜವಾಗಿ ಬಂದ ರೇಲ್ ಒತ್ತಡ. ಎರಡು ಗೆರೆಯೂ ಮೇಲಿನ ಆರ್‌ಪಿಎಂ ತನಕ ಒಟ್ಟಿಗೇ ಹೋಗಬೇಕು. ಬೇರೆಯಾದರೆ ಅಲ್ಲೇ ನಿಲ್ಲಿಸಿ. ಇನ್ನೂ ಹೆಚ್ಚು ವಿವರ ಬೇಕಾದರೆ ಬೇರೆ ಎಳೆ ಶುರು ಮಾಡಿ, ಖಂಡಿತ ಬರೆಯುತ್ತೇನೆ.

ನಾನು ಇಲ್ಲಿ ಸುಬಾರು ಡಬ್ಲ್ಯುಆರ್‌ಎಕ್ಸ್ ಓಡಿಸುತ್ತೇನೆ, ಇ85 (ಎಥನಾಲ್ ಹೆಚ್ಚಿರುವ ಇಂಧನ) ಹಾಕಿ. ಇ85ಗೆ ಪೆಟ್ರೋಲ್‌ಗಿಂತ 30ರಿಂದ 40% ಜಾಸ್ತಿ ಪ್ರಮಾಣ ಬೇಕು. 350 ಎಚ್‌ಪಿಗೆ ಗಂಟೆಗೆ ಸುಮಾರು 170ರಿಂದ 180 ಲೀಟರ್. ಅಮೆರಿಕದಲ್ಲಿ ಇ85 ಅಂತ ಬೋರ್ಡ್ ಇದ್ದರೂ ಒಳಗೆ ಎಥನಾಲ್ 51ರಿಂದ 83% ತನಕ ಎಷ್ಟು ಬೇಕಾದರೂ ಇರಬಹುದು. ಚಳಿಗಾಲದಲ್ಲಿ ಕಮ್ಮಿ. ಅದಕ್ಕೆ ಎಥನಾಲ್ ಸೆನ್ಸರ್ ಹಾಕಿಸಿದ್ದೇನೆ.

ನನ್ನ ಕಾರಿನಲ್ಲಿ ಇನ್ನೊಂದು ವಿಶೇಷ ಇತ್ತು. ಕಂಪನಿಯ ಪಂಪ್ ಕಂಟ್ರೋಲರ್ ಪಂಪನ್ನು ಮೂರು ಹಂತದಲ್ಲಿ ಓಡಿಸುತ್ತದೆ. ದೊಡ್ಡ ಪಂಪ್ ಹಾಕಿದ ಮೇಲೆ ಕೆಳಗಿನ ಹಂತದಿಂದ ಮೇಲಿನ ಹಂತಕ್ಕೆ ಹೋಗುವ ಆ ಅರೆಕ್ಷಣ ರೇಲ್ ಒತ್ತಡ ಬೀಳುತ್ತಿತ್ತು. ವೈಡ್‌ಬ್ಯಾಂಡ್ ಅದನ್ನು ತೋರಿಸಲೇ ಇಲ್ಲ. ಪ್ರೆಶರ್ ಸೆನ್ಸರ್ ಹಾಕಿದ ದಿನ ಗೊತ್ತಾಯಿತು. ನನ್ನ ಮಟ್ಟಿಗೆ ಟರ್ಬೊ ಕಾರಿಗೆ ಹಾಕಬೇಕಾದ ಮೊದಲ ಮೀಟರ್ ಅದೇ. ಬೂಸ್ಟ್ ಮೀಟರ್ ಆಮೇಲೆ.

---

ಲೆಕ್ಕದ ಮೇಷ್ಟ್ರು

ಎಥನಾಲ್ ಮಾತು ನಮಗೂ ಸಂಬಂಧಪಟ್ಟದ್ದೇ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆಯಿತು. ಈಗ ಬಂಕ್‌ನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಶುದ್ಧ ಪೆಟ್ರೋಲ್ ಒಂದು ಕೆಜಿಗೆ 14.7 ಕೆಜಿ ಗಾಳಿ ಸಾಕು. ಎಥನಾಲ್‌ಗೆ 9. ಇ20ಗೆ ಸುಮಾರು 13.5. ಹಾಗಾಗಿ ಅದೇ ಗಾಳಿಗೆ ಸುಮಾರು 7% ಜಾಸ್ತಿ ಪ್ರಮಾಣ ಸುರಿಯಬೇಕು.

ಹಾಸನದವರ 81 ಲೀಟರ್ ಈಗ 87 ಆಯಿತು. 440 ಸಿಸಿ ಇಂಜೆಕ್ಟರ್ ಡ್ಯೂಟಿ 77ರಿಂದ 82%. ಅಂಚಿಗೆ ಬಂದಿದೆ, ಆದರೆ ನಡೆಯುತ್ತದೆ. ಇದಕ್ಕಿಂತ ಮೇಲೆ ಹೋಗುವ ಆಸೆ ಇದ್ದರೆ ಆಗ ದೊಡ್ಡ ಇಂಜೆಕ್ಟರ್ ಯೋಚಿಸಿ. ವೈಡ್‌ಬ್ಯಾಂಡ್ ಅನ್ನು ಲ್ಯಾಂಬ್ಡಾದಲ್ಲಿ (ಇಂಧನ ಪೂರ್ತಿ ಉರಿಯೋಕೆ ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಇದೆ ಅನ್ನುವ ಅಂಕಿ) ಓದುವ ಅಭ್ಯಾಸ ಮಾಡಿಕೊಳ್ಳಿ. ಯಾವ ಪೆಟ್ರೋಲ್ ಇದ್ದರೂ 0.82 ಅಂದ್ರೆ 0.82ವೇ. 12.0 ಅನ್ನುವ ಅಂಕಿ ಮೀಟರ್ ಶುದ್ಧ ಪೆಟ್ರೋಲ್ ಅಂತ ಊಹಿಸಿಕೊಂಡು ತೋರಿಸುವುದು.

---

ಹಾಸನದ 1.8

ಅಳತೆ ಮಾಡಿದೆ. ಭಾವನನ್ನು ಕರೆದುಕೊಂಡು ತೋಟದ ಮನೆ ಅಂಗಳದಲ್ಲಿ, ಮೇಷ್ಟ್ರು ಹೇಳಿದ ಎಲ್ಲಾ ಜಾಗ್ರತೆ ತಗೊಂಡೇ ಮಾಡಿದ್ದು.

3 ಬಾರ್‌ನಲ್ಲಿ 30 ಸೆಕೆಂಡಿಗೆ 860 ಮಿಲಿ. ಗಂಟೆಗೆ 103 ಲೀಟರ್. ನೋಡಿ ಸಮಾಧಾನ ಆಯಿತು. ಆಮೇಲೆ ಸೈಕಲ್ ಪಂಪಿನಲ್ಲಿ 1.3 ಗಾಳಿ ಕೊಟ್ಟೆವು. 610 ಮಿಲಿ. ಗಂಟೆಗೆ 73 ಲೀಟರ್. ಎರಡು ಸಲ ಮತ್ತೆ ಮಾಡಿದೆವು. 600, 615. ಇಂಜಿನ್ನಿಗೆ ಬೇಕಾದ್ದು 81, ಇ20ರಲ್ಲಿ 87. ಅಲ್ಲಿಗೆ ಎಲ್ಲಾ ಅರ್ಥ ಆಯಿತು.

ಕನೆಕ್ಟರ್‌ನಲ್ಲಿ ವೋಲ್ಟೇಜ್ 11.3. ಬ್ಯಾಟರಿಯಲ್ಲಿ 13.8 ಇದೆ! ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗಿದೆ.

---

ಹುಬ್ಬಳ್ಳಿ ಗ್ಯಾರೇಜ್

ಆ ವೋಲ್ಟೇಜ್ ಬಗ್ಗೆ ಹೇಳಬೇಕು ಅಂತಲೇ ಕಾಯ್ತಿದ್ದೆ. ಹೊಸ ಪಂಪ್ ಹಾಕಿ ಹಳೇ ವೈರ್ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಪಂಪ್ ಅಂದ್ರೆ ಮೋಟಾರು ತಾನೇ. ವೋಲ್ಟ್ ಇಳಿದರೆ ಸುತ್ತು ಇಳಿಯುತ್ತದೆ. ಒತ್ತಡ ಜಾಸ್ತಿ ಇದ್ದಾಗ ಆ ನಷ್ಟ ಇನ್ನೂ ಹೆಚ್ಚು ಕಾಣುತ್ತದೆ. ಬ್ಯಾಟರಿಯಿಂದ ನೇರವಾಗಿ 4 ಚದರ ಎಂಎಂ ವೈರ್ ಎಳಿ. ಬ್ಯಾಟರಿ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್. ಹಿಂದೆ ಒಂದು ರಿಲೇ. ಪಂಪಿನ ನೆಗೆಟಿವ್‌ಗೂ ಅಷ್ಟೇ ದಪ್ಪದ ವೈರ್ ಬಾಡಿಗೆ ಹಾಕಿ, ಬಣ್ಣ ಕೆರೆದು ಬಿಗಿಮಾಡು. ಅದನ್ನು ಮರೆಯೋರು ಜಾಸ್ತಿ.

ಇದೊಂದು ಮಾತು ಮಾತ್ರ ಬಿಡಬೇಡ. ಆ ರಿಲೇಯನ್ನು ಆನ್ ಮಾಡುವುದು ಕಂಪನಿ ಕೊಟ್ಟ ಹಳೇ ಪಂಪ್ ವೈರೇ ಆಗಿರಬೇಕು. ಇಗ್ನಿಷನ್‌ಗೆ ನೇರವಾಗಿ ಕೊಡಬೇಡ. ದೇವರು ಕಾಯಲಿ, ಅಪಘಾತ ಆಗಿ ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಟ್ಯಾಂಕ್ ಒಳಗಿನ ಸಣ್ಣ ಪೈಪ್ ಬದಲಾಯಿಸುವಾಗ ಅಂಗಡಿಯಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಪೈಪ್ ಹಾಕಬೇಡ. ಅದು ಹೊರಗಡೆಯಿಂದ ಪೆಟ್ರೋಲ್ ತಾಗಿದರೆ ಊದಿಕೊಂಡು ಸಡಿಲ ಆಗುತ್ತದೆ. ಮುಳುಗಿರೋಕೆ ಅಂತಲೇ ಮಾಡಿದ 30ಆರ್10 ಪೈಪ್ ಕೇಳು. ಸೋಸುವ ಜಾಲರಿ, ಹೊರಗಿನ ಫಿಲ್ಟರ್, ಎರಡೂ ಹೊಸದು ಹಾಕು. ಎಥನಾಲ್ ಹಳೇ ಟ್ಯಾಂಕಿನ ಕೊಳೆಯನ್ನೂ ಬಿಡಿಸಿಕೊಂಡು ಬರುತ್ತದೆ.

---

ಮಂಗಳೂರು ಬೂಸ್ಟ್

450 ಬೇಡ ಅಂತ ಒಪ್ಪಿದೆ. ನನ್ನ ಕಾರಿನಲ್ಲಿ ರಿಟರ್ನ್ ಲೈನೇ ಇಲ್ಲ. ರೆಗ್ಯುಲೇಟರ್ ಟ್ಯಾಂಕಿನ ಒಳಗೇ ಇದೆ, 4 ಬಾರ್ ಅಂತ ಇದೆ. ಹಾಗಾದ್ರೆ ನನಗೆ ಈ ಲೆಕ್ಕ ಹೇಗೆ?

---

ಲೆಕ್ಕದ ಮೇಷ್ಟ್ರು

ನಿಮ್ಮಲ್ಲಿ ರೇಲ್ ಒತ್ತಡ ಬೂಸ್ಟ್ ಜೊತೆ ಏರುವುದಿಲ್ಲ, 4ರಲ್ಲೇ ನಿಲ್ಲುತ್ತದೆ. 1.2 ಬೂಸ್ಟ್ ಬಂದಾಗ ವ್ಯತ್ಯಾಸ 2.8ಕ್ಕೆ ಇಳಿಯುತ್ತದೆ. ಇಂಜೆಕ್ಟರ್ ಹರಿವು ಸುಮಾರು 16% ಕಮ್ಮಿ. ಇದು ತೊಂದರೆ ಅಲ್ಲ, ಕಂಪನಿಯ ಇಸಿಯುಗೆ ಗೊತ್ತಿರುವ ವಿಷಯವೇ. ಆದರೆ ನೀವು ಇಂಜೆಕ್ಟರ್ ಆರಿಸುವಾಗ ಆ 16% ಮೊದಲೇ ಕಳೆದು ಲೆಕ್ಕ ಹಾಕಬೇಕು. ಅಂದ್ರೆ ಇಂಜೆಕ್ಟರ್ ಸ್ವಲ್ಪ ದೊಡ್ಡದು ಬೇಕು. ಪಂಪಿಗೆ ಕೆಲಸ ಹಗುರ, ಅದು 4 ಬಾರ್‌ನಲ್ಲಿ ಕೊಟ್ಟರೆ ಸಾಕು.

---

ಹಾಸನದ 1.8

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. 255ರ ಹೈ ಪ್ರೆಶರ್ ಪಂಪ್, ಗ್ರಾಫ್ ನೋಡಿಯೇ ತಗೊಂಡೆ. ಹೊಸ ವೈರ್, ರಿಲೇ, ಜಾಲರಿ, ಫಿಲ್ಟರ್, ಆ 30ಆರ್10 ಪೈಪ್. ಕನೆಕ್ಟರ್‌ನಲ್ಲಿ ಈಗ 13.5 ವೋಲ್ಟ್. ಅಂಗಳದಲ್ಲಿ ಮತ್ತೆ ಅದೇ ಅಳತೆ: 4.3 ಬಾರ್‌ನಲ್ಲಿ 30 ಸೆಕೆಂಡಿಗೆ 1,680 ಮಿಲಿ. ಗಂಟೆಗೆ 200 ಲೀಟರ್ ದಾಟಿತು. ಗಾಳಿ ಪೈಪ್ ತೆಗೆದು ಐಡಲ್‌ನಲ್ಲಿ ನೋಡಿದರೆ ರೇಲ್ 3.0ರಲ್ಲೇ ಗಟ್ಟಿಯಾಗಿ ನಿಂತಿದೆ. ರಿಟರ್ನ್ ಪೈಪಿಗೆ ಇದು ಹೊರೆ ಆಗಿಲ್ಲ.

ಡೈನೋಗೆ ಹೋದಾಗ ಮೊದಲ ರನ್‌ನಲ್ಲೇ ಮೀಟರ್ 10.9 ತೋರಿಸಿತು. ಟ್ಯೂನರ್ ಹಿಂದೆ 10% ಸೇರಿಸಿದ್ದರಲ್ಲ, ಅದು ಈಗ ನಿಜವಾಗಿಯೂ ಬಂದು ಬೀಳುತ್ತಿತ್ತು. ಅದನ್ನು ತೆಗೆಸಿದೆ. ಈಗ 3,500ರಿಂದ 6,200ರ ತನಕ ಲ್ಯಾಂಬ್ಡಾ 0.81, 0.82. ಒಂದೇ ಗೆರೆ ಎಳೆದ ಹಾಗೆ. ಡ್ಯೂಟಿ ಗರಿಷ್ಠ 82%. ಮೇಷ್ಟ್ರು ಕಾಗದದ ಮೇಲೆ ಬರೆದ ಅಂಕಿಯೇ ಲಾಗ್‌ನಲ್ಲಿ ಬಂದದ್ದು ನೋಡಿ ತುಂಬಾ ಸಂತೋಷ ಆಯಿತು. ಚಕ್ರದಲ್ಲಿ 186.

ಹಳೇ ಪಂಪ್ ಬಿಚ್ಚಿ ನೋಡಿದೆ. ಜಾಲರಿಯ ಅರ್ಧ ಭಾಗ ಕಂದು ಬಣ್ಣದ ಅಂಟಿನಿಂದ ಮುಚ್ಚಿಹೋಗಿದೆ. 630 ಸಿಸಿ ಇಂಜೆಕ್ಟರ್ ದುಡ್ಡು ಉಳಿಯಿತು. ಆ ದುಡ್ಡಲ್ಲಿ ರೇಲ್‌ಗೆ ಪ್ರೆಶರ್ ಸೆನ್ಸರ್ ತಗೊಂಡೆ.

---

ಶಾರ್ಜಾದಿಂದ

ಬಹಳ ಖುಷಿ ಆಯಿತು ಓದಿ. ಸೆನ್ಸರ್ ಎಲ್ಲಿ ಹಾಕಿದಿರಿ? ಮೀಟರ್ ಯಾವ ತರಹದ್ದು?

---

ಹಾಸನದ 1.8

ಫಿಲ್ಟರ್ ಆದ ಮೇಲೆ, ರೇಲ್‌ಗೆ ಹತ್ತಿರದಲ್ಲಿ. 10 ಬಾರ್ ತನಕ ಓದುವ ಎಲೆಕ್ಟ್ರಿಕ್ ಸೆನ್ಸರ್. ಸೆನ್ಸರನ್ನು ರೇಲ್ ಮೇಲೆ ನೇರವಾಗಿ ಕೂರಿಸದೆ ಒಂದು ಗಿಡ್ಡ ಹೆಣೆದ ಪೈಪಿನಲ್ಲಿ ಜೋಡಿಸಿ ಬಾಡಿಗೆ ಕಟ್ಟಿದ್ದೇನೆ, ಇಂಜಿನ್ ಕಂಪನ ತಾಗದಿರಲಿ ಅಂತ. ಕ್ಯಾಬಿನ್ ಒಳಗೆ ಬಂದಿರುವುದು ವೈರ್ ಮಾತ್ರ. ಪೆಟ್ರೋಲ್ ಪೈಪನ್ನೇ ಮೀಟರ್ ತನಕ ತರುವ ಅಗ್ಗದ ಕಿಟ್ ಒಂದು ಸಿಗುತ್ತಿತ್ತು, ಹುಬ್ಬಳ್ಳಿ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅವರು ಬೇಡವೇ ಬೇಡ ಅಂದರು. ರೇಲ್ ಒತ್ತಡದಿಂದ ಬೂಸ್ಟ್ ಕಳೆದ ಮೇಲೆ 2.7ಕ್ಕಿಂತ ಕೆಳಗೆ ಇಳಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತುವ ಹಾಗೆ ಮಾಡಿದ್ದೇನೆ. ಈ ಮೂರು ವಾರದಲ್ಲಿ ಒಂದು ಸಲವೂ ಹತ್ತಿಲ್ಲ.